ಮಾತಿಲ್ಲದೆ ಕಲಿಸಿದ ಆಟಗಳು

ಪರದೆಯ ಎಡಬದಿಯಲ್ಲಿ ಮಾರಿಯೊ ನಿಂತಿದ್ದಾನೆ. ಬಲಕ್ಕೆ ಬರೀ ಬಯಲು. ಹೀಗೆ ಹೋಗು ಎಂದು ಯಾರೂ ಹೇಳಿಲ್ಲ, ಆದರೂ ಜಾಯ್‌ಸ್ಟಿಕ್ ಹಿಡಿದ ಮಗು ಬಲಕ್ಕೇ ನಡೆಯುತ್ತದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹುಬ್ಬು ಗಂಟಿಕ್ಕಿದ ಗೂಂಬಾ ಎಂಬ ಶತ್ರು ಎದುರು ಬರುತ್ತದೆ. ತಾಗಿದರೆ ಒಂದು ಜೀವ ಹೋಯಿತು. ಹೋದರೂ ನಷ್ಟ ಕೆಲವೇ ಸೆಕೆಂಡು, ಮುಂದಿನ ಸಲ ಮಗು ಹಾರುತ್ತದೆ. ತಲೆಯ ಮೇಲೆ ಮಿನುಗುವ ಪ್ರಶ್ನೆ ಚಿಹ್ನೆಯ ಇಟ್ಟಿಗೆಗೆ ಗುದ್ದಿದರೆ ಒಂದು ಅಣಬೆ ಹೊರಬಂದು ಬಲಕ್ಕೆ ಜಾರಿ, ಕೊಳವೆಗೆ ಬಡಿದು, ತಿರುಗಿ ಮಾರಿಯೊ ಕಡೆಗೇ ಬರುತ್ತದೆ. ಇದೂ ಶತ್ರುವೇ ಎಂದು ಹೆದರಿ ಹಾರಿದರೆ ಮೇಲಿನ ಇಟ್ಟಿಗೆ ತಲೆಗೆ ತಾಗಿ ಅಣಬೆಯ ಮೇಲೇ ಬೀಳುವ ಸಂಭವ ಹೆಚ್ಚು. ಬಿದ್ದವನು ದೊಡ್ಡವನಾಗುತ್ತಾನೆ. ಹೀಗೆ ಅರ್ಧ ನಿಮಿಷದಲ್ಲಿ ಇಡೀ ಆಟದ ನಿಯಮ ಕೈಗೆ ಹತ್ತಿರುತ್ತದೆ.

1985ರಲ್ಲಿ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕ ಜೋಡಿ ರೂಪಿಸಿದ 'ಸೂಪರ್ ಮಾರಿಯೊ ಬ್ರದರ್ಸ್' ಇಡಿಯಾಗಿ 40 ಕಿಲೋಬೈಟ್‌ನಲ್ಲಿ ಮುಗಿದಿತ್ತು. ಇವತ್ತು ಮೊಬೈಲ್‌ನಲ್ಲಿ ತೆಗೆಯುವ ಒಂದು ಫೋಟೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಜಾಗ ಉಳಿಸಲು ಆಕಾಶದ ಮೋಡವನ್ನೇ ಹಸಿರು ಬಣ್ಣ ಬಳಿದು ನೆಲದ ಪೊದೆ ಮಾಡಿದ್ದರು.

ಅಚ್ಚುಮೆಚ್ಚಿನ ವಿಡಿಯೋ ಗೇಮ್ ಯಾವುದೆಂದು ಕೇಳಿದರೆ ಪ್ರತಿ ತಲೆಮಾರಿನವರೂ ತಮ್ಮ ಬಾಲ್ಯದ ಆಟವನ್ನೇ ಹೆಸರಿಸುತ್ತಾರೆ. ಆ ಮಮಕಾರಕ್ಕೆ ಅಡ್ಡಿಯಿಲ್ಲ. ಆದರೆ ಕನ್ಸೋಲ್‌ಗಳು, ಕಾಲಗಳು ಬದಲಾದರೂ ಕೆಲವು ಆಟಗಳು ಮಾಸದೆ ಉಳಿದಿವೆ. ಅವುಗಳಲ್ಲಿ ಕಾಣುವ ದೊಡ್ಡ ಗುಣ, ಹೇಳಿಕೊಡದೆ ಕಲಿಸುವುದು. ಅದಿಲ್ಲದ ಆಟ ಎಷ್ಟೇ ಸುಂದರವಾಗಿದ್ದರೂ ಎರಡನೇ ಸಾಲಿಗೇ ಸೇರಬೇಕು.

ಇದರ ಬೆಲೆ ಕರ್ನಾಟಕದ ಒಂದು ಪೀಳಿಗೆಗೆ ಚೆನ್ನಾಗಿ ಗೊತ್ತು. 1990ರ ದಶಕದಲ್ಲಿ ಇಲ್ಲಿನ ಮನೆಗಳಿಗೆ ಬಂದದ್ದು ಬಹುಪಾಲು ನಿಂಟೆಂಡೊ ಕನ್ಸೋಲಿನ ಅಗ್ಗದ ನಕಲುಗಳು. ಟಿವಿಗೆ ಸಿಕ್ಕಿಸುವ ಪೆಟ್ಟಿಗೆ, ಎರಡು ಜಾಯ್‌ಸ್ಟಿಕ್, ಎಲ್ಲರ ಬಾಯಲ್ಲೂ 'ಕ್ಯಾಸೆಟ್' ಆಗಿದ್ದ ಹಳದಿ ಕಾರ್ಟ್ರಿಜ್. ಪರದೆಯ ಮೇಲೆ ಬರುತ್ತಿದ್ದ ಇಂಗ್ಲಿಷ್ ಅಥವಾ ಜಪಾನಿ ಅಕ್ಷರಗಳನ್ನು ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಅಣ್ಣ ತಮ್ಮ ಅಕ್ಕಪಕ್ಕ ಕೂತು 'ಕಾಂಟ್ರಾ' ಆಡುವಾಗ ಇಬ್ಬರ ನಡುವೆ ನಡೆಯುತ್ತಿದ್ದದ್ದು ಅಪ್ಪಟ ಕನ್ನಡದ ಜಗಳ.

ಈ ಗುಣದ ಶುದ್ಧ ರೂಪ ನೋಡಬೇಕೆಂದರೆ ಮಾಸ್ಕೋಗೆ ಹೋಗಬೇಕು. 1984ರಲ್ಲಿ ಅಲೆಕ್ಸಿ ಪಜಿಟ್ನೊವ್ ಎಲೆಕ್ಟ್ರೊನಿಕಾ 60 ಎಂಬ ಕಂಪ್ಯೂಟರಿನಲ್ಲಿ 'ಟೆಟ್ರಿಸ್' ಬರೆದಾಗ ಆ ಯಂತ್ರಕ್ಕೆ ಚಿತ್ರ ತೋರಿಸಲು ಬರುತ್ತಿರಲಿಲ್ಲ. ಹಾಗಾಗಿ ಚೌಕಗಳನ್ನು ಆವರಣ ಚಿಹ್ನೆಗಳಿಂದಲೇ ಕಟ್ಟಿದರು. ಬೀಳುವ ಏಳು ಆಕಾರ, ತುಂಬಿದರೆ ಮಾಯವಾಗುವ ಸಾಲು, ಅಷ್ಟೇ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ನಿಂಟೆಂಡೊದ ಹಳೆಯ ಆವೃತ್ತಿಯನ್ನು ಅದು ಕೆಟ್ಟು ನಿಲ್ಲುವ ತನಕ ಆಡಿದ. ತಾನು ಹುಟ್ಟುವುದಕ್ಕೆ ಎರಡು ದಶಕ ಮೊದಲಿನ ಆಟವೊಂದು ಅವನನ್ನು ಹಾಗೆ ಹಿಡಿದು ಕೂರಿಸಿತ್ತು.

'ಪ್ರಿನ್ಸ್ ಆಫ್ ಪರ್ಷಿಯಾ' ಕುರಿತು ಹೆಚ್ಚು ಹೇಳಲೇಬೇಕು. ಅದನ್ನು ರೂಪಿಸಿದ ಜೋರ್ಡನ್ ಮೆಕ್ನರ್ ತನ್ನ ತಮ್ಮ ಡೇವಿಡ್‌ನನ್ನು ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಆ ಚಲನೆಯನ್ನು ಚಿತ್ರ ಚಿತ್ರವಾಗಿ ಬಿಡಿಸಿಕೊಂಡ. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದ ಆ ಆಟದ ರಾಜಕುಮಾರ ಅದಕ್ಕೇ ಅಂಚಿಗೆ ಬಂದು ತಡವರಿಸುತ್ತಾನೆ, ಹಾರುವ ಮೊದಲು ಮೈ ಬಾಗಿಸುತ್ತಾನೆ. ಹೊಸ ಶತ್ರುವನ್ನು ಸೇರಿಸಲು ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಆಗ ಮೆಕ್ನರ್ ರಾಜಕುಮಾರನ ಚಿತ್ರವನ್ನೇ ತುಸು ತಿರುಚಿ ಮಿನುಗುವ ನೆರಳೊಂದನ್ನು ಹುಟ್ಟಿಸಿದ. ನಡುದಾರಿಯಲ್ಲಿ ರಾಜಕುಮಾರ ಕನ್ನಡಿಯ ಮೂಲಕ ಹಾರಿದಾಗ ಈ ನೆರಳು ಆಚೆ ಬದಿಗೆ ಜಿಗಿದು ಓಡಿಹೋಗುತ್ತದೆ. ಕೊನೆಯ ಹೊತ್ತಿಗೆ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಒಂದು ಏಟು ಕೊಟ್ಟರೆ ತನ್ನದೇ ಜೀವ ಒಂದು ಕಡಿಮೆಯಾಗುತ್ತದೆ. ಕೊಂದರೆ ತಾನೂ ಸತ್ತ. ರಾಜಕುಮಾರಿಯನ್ನು ಬಿಡಿಸಲು ಇರುವುದು 60 ನಿಮಿಷ, ಗಡಿಯಾರ ಓಡುತ್ತಿದೆ. ಎಷ್ಟೋ ಸಲ ಸೋತ ಮೇಲೆ ಆಟಗಾರನಿಗೆ ಹೊಳೆಯುತ್ತದೆ: ಕತ್ತಿಯನ್ನು ಒರೆಗೆ ಸೇರಿಸಬೇಕು. ಸೇರಿಸಿದರೆ ನೆರಳೂ ಸೇರಿಸುತ್ತದೆ, ನಡೆದು ಬಂದು ಅವನೊಳಗೆ ಒಂದಾಗುತ್ತದೆ. ವಿಡಿಯೋ ಗೇಮ್‌ಗಳಲ್ಲಿ ಇದಕ್ಕಿಂತ ಮಿಗಿಲಾದ ಗಳಿಗೆ ಇನ್ನೂ ಬಂದಿಲ್ಲ.

ಹತ್ತಿರ ಬಂದದ್ದು 2005ರ 'ಶ್ಯಾಡೋ ಆಫ್ ದಿ ಕೊಲೋಸಸ್'. ಪ್ಲೇಸ್ಟೇಷನ್ 2ಕ್ಕಾಗಿ ಫುಮಿಟೊ ಉಎಡಾ ತಂಡ ಕಟ್ಟಿದ ಈ ಲೋಕದಲ್ಲಿ ಪುಡಿ ಶತ್ರುಗಳಿಲ್ಲ. ಹೋರಾಡಬೇಕಾದ್ದು 16 ದೈತ್ಯರ ಜೊತೆ ಮಾತ್ರ. ಸತ್ತ ಹುಡುಗಿಯೊಬ್ಬಳನ್ನು ಬದುಕಿಸಲು ನಾಯಕ ಅವರನ್ನೆಲ್ಲ ಕೊಲ್ಲಬೇಕು. ದೈತ್ಯನ ರೋಮ ಹಿಡಿದು ಹತ್ತುವಾಗ ಒಂದು ಗುಂಡಿಯನ್ನು ಒತ್ತಿಯೇ ಹಿಡಿದಿರಬೇಕು. ದೈತ್ಯ ಮೈ ಕೊಡವಿದಾಗ ಬೆರಳು ತಾನಾಗಿ ಇನ್ನಷ್ಟು ಬಿಗಿಯುತ್ತದೆ. ಕೊನೆಗೆ ಆ ದೊಡ್ಡ ದೇಹ ಉರುಳಿದಾಗ ಕೇಳುವುದು ವಿಜಯದ ತುತ್ತೂರಿಯಲ್ಲ, ಶೋಕದ ಸಂಗೀತ. ಮೂರನೆಯದೋ ನಾಲ್ಕನೆಯದೋ ಬಿದ್ದ ಮೇಲೆ, ತನ್ನ ಪಾಡಿಗೆ ತಾನಿದ್ದ ಪ್ರಾಣಿಯನ್ನು ಕೊಂದೆನಲ್ಲ ಎಂಬ ಅಳುಕು ಆಟಗಾರನಿಗೆ ಶುರುವಾಗುತ್ತದೆ. ಸಿನಿಮಾ ನೋಡುವವನಿಗೆ ಆ ಪಾಪದಲ್ಲಿ ಪಾಲಿಲ್ಲ. ಇಲ್ಲಿ ಇರಿದದ್ದು ತನ್ನದೇ ಕೈ.

2012ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂದ 'ಜರ್ನಿ' ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮರಳುಗಾಡಿನಲ್ಲಿ ನಡೆಯುತ್ತಿರುವಾಗ ಜಗತ್ತಿನ ಯಾವುದೋ ಮೂಲೆಯ ಇನ್ನೊಬ್ಬ ಆಟಗಾರ ಜೊತೆಯಾಗುತ್ತಾನೆ. ಹೆಸರು ಕಾಣುವುದಿಲ್ಲ, ಮಾತಾಡಲಾಗದು, ಒಂದು ದನಿ ಹೊರಡಿಸಬಹುದು ಅಷ್ಟೆ. ಹಿಮದ ಗಾಳಿಯಲ್ಲಿ ಇಬ್ಬರೂ ಒತ್ತಿಕೊಂಡು ನಡೆಯುತ್ತಾರೆ. ಜೊತೆಗಿದ್ದವರ ಹೆಸರು ತಿಳಿಯುವುದು ಆಟ ಮುಗಿದ ಮೇಲೆ.

ಈಗ ಮಕ್ಕಳ ಕೈಯಲ್ಲಿರುವ ಎಷ್ಟೋ ಪುಕ್ಕಟೆ ಮೊಬೈಲ್ ಆಟಗಳನ್ನು ತೆರೆದು ನೋಡಿ. ಮೊದಲ ನಿಮಿಷದಲ್ಲೇ ಬಾಣದ ಗುರುತು, ಇಲ್ಲಿ ಒತ್ತು, ಅಲ್ಲಿ ಒತ್ತು. ಆಮೇಲೆ ನಾಣ್ಯದ ಅಂಗಡಿ, ಜೀವ ಮುಗಿದರೆ ಕಾಯಿ ಇಲ್ಲವೇ ದುಡ್ಡು ಕೊಡು ಎಂಬ ಒತ್ತಾಯ. ಮಗುವಿನ ಬುದ್ಧಿಯ ಮೇಲೆ ನಂಬಿಕೆಯೇ ಇಲ್ಲದ ಆಟಗಳಿವು. ಮಕ್ಕಳು ಗೇಮ್ ಆಡುತ್ತಾರೆಂದು ಚಿಂತಿಸುವ ಅಪ್ಪ ಅಮ್ಮಂದಿರು ಎಷ್ಟು ಹೊತ್ತು ಎಂದು ಕೇಳುವ ಜೊತೆಗೆ ಯಾವ ಆಟ ಎಂದೂ ಕೇಳಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಾಗ ಜೂಜು, ಚಟಗಳ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು, ಆಗಬೇಕಾದದ್ದೇ. ಒಳ್ಳೆಯ ಆಟಗಳ ಬಗ್ಗೆ ಮಾತ್ರ ಯಾರೂ ಮಾತೆತ್ತಲಿಲ್ಲ. ವಾರವಾರ ಸಿನಿಮಾ ವಿಮರ್ಶೆ ಬರೆಯುವ ಪತ್ರಿಕೆಗಳಿಗೂ ಈ ಹೊಣೆಯಲ್ಲಿ ಪಾಲಿದೆ.

ಒಳ್ಳೆಯ ಆಟಗಳ ಬಗ್ಗೆ ತುರ್ತಾಗಿ ಮಾತಾಡಲು ಇನ್ನೊಂದು ಕಾರಣವೂ ಉಂಟು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಆಗ ಮಾರುಕಟ್ಟೆಯಲ್ಲೇ ಇರಲಿಲ್ಲ. 'ಪ್ರಿನ್ಸ್ ಆಫ್ ಪರ್ಷಿಯಾ'ದ ಮೂಲ ಪ್ರೋಗ್ರಾಮ್ ಕೂಡ ಕಳೆದೇ ಹೋಗಿತ್ತು. ಮೆಕ್ನರ್‌ನ ತಂದೆಗೆ ಹಳೆಯ ಫ್ಲಾಪಿಗಳ ಪೆಟ್ಟಿಗೆ ಸಿಕ್ಕಿದ್ದರಿಂದ 2012ರಲ್ಲಿ ಅದು ಲೋಕಕ್ಕೆ ದಕ್ಕಿತು. ಅದೇ ವರ್ಷ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 'ಟೆಟ್ರಿಸ್' ಸೇರಿದಂತೆ 14 ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಬೆಂಗಳೂರು ಈ ಉದ್ಯಮಕ್ಕೆ ಹೊರಗಿನದಲ್ಲ. 1997ರಲ್ಲಿ ಇಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕಂಪನಿ ಕೊಂಡುಕೊಂಡಿತು. ಇಷ್ಟಿರುವ ಊರಿನಲ್ಲಿ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಂಥ ಕಡೆ ಒಂದು ಕೋಣೆ ಬಿಡಿಸಿ, ಡಬ್ಬಿ ಟಿವಿ, ಹಳದಿ ಕ್ಯಾಸೆಟ್, ಪ್ಲೇಸ್ಟೇಷನ್ 2 ಜೋಡಿಸಿಟ್ಟು, ಶಾಲಾ ಮಕ್ಕಳಿಗೆ ಮುಟ್ಟಿ ಆಡಲು ಬಿಡಬೇಕು. ಹಳೆಯ ಯಂತ್ರ ರಿಪೇರಿ ಮಾಡಬಲ್ಲವರು ಎಸ್.ಪಿ. ರಸ್ತೆಯಲ್ಲಿ ಇವತ್ತಿಗೂ ಸಿಗುತ್ತಾರೆ.