ವಸತಿಗೃಹಗಳ ಸುರಕ್ಷತೆ: ಪರವಾನಗಿಯ ಕಾಗದವೊಂದೇ ಸಾಲದು

ನರಗುಂದವು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿದೆ. ಗಜೇಂದ್ರಗಡಕ್ಕೆ ವ್ಯಾಪಾರಿಗಳೂ ಕಾಲಕಾಲೇಶ್ವರನ ದರ್ಶನಾರ್ಥಿಗಳೂ ಬಂದುಹೋಗುತ್ತಾರೆ. ರೋಣವು ತಾಲ್ಲೂಕು ಕೇಂದ್ರವಾಗಿ ಸುತ್ತಲಿನ ಹಳ್ಳಿಗಳ ವ್ಯವಹಾರಕ್ಕೆ ಆಸರೆಯಾಗಿದೆ. ಈ ಮೂರೂ ಪಟ್ಟಣಗಳಲ್ಲಿ ಲಾಡ್ಜು, ಖಾನಾವಳಿ, ಉಪಾಹಾರ ಗೃಹಗಳು ವ್ಯಾಪಾರ ಜೀವನದ ಅವಿಭಾಜ್ಯ ಅಂಗಗಳು. ಪರಸ್ಥಳದ ವರ್ತಕನು ರಾತ್ರಿ ನಿಶ್ಚಿಂತೆಯಿಂದ ತಂಗಿದರೆ ಮಾತ್ರ ಮರುದಿನದ ವಹಿವಾಟು ಸುಗಮವಾದೀತು. ಆದುದರಿಂದ ವಸತಿಗೃಹಗಳ ಸುರಕ್ಷತೆಯು ಅವುಗಳ ಮಾಲೀಕರಿಗಷ್ಟೇ ಅಲ್ಲ, ಇಡೀ ವರ್ತಕ ಸಮುದಾಯಕ್ಕೆ ಸಂಬಂಧಿಸಿದ ವಿಷಯವಾಗಿದೆ.

ಪುರಸಭೆಯು ಕರ್ನಾಟಕ ಪೌರಸಭೆಗಳ ಅಧಿನಿಯಮ, 1964ರ ಅಡಿಯಲ್ಲಿ ವ್ಯಾಪಾರ ಪರವಾನಗಿ ನೀಡುತ್ತದೆ. ಆದರೆ ಶುಲ್ಕ ತುಂಬಿ ಪಡೆದ ಪರವಾನಗಿಯು ಒಳಗೆ ಮಲಗಿದವರ ಪ್ರಾಣಕ್ಕೆ ಭರವಸೆಯಾಗುವುದೇ ಎಂಬುದು ಇಲ್ಲಿನ ಪ್ರಶ್ನೆ. 2018ರ ಜನವರಿ 8ರ ನಸುಕಿನಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ಬಾರ್ ಮತ್ತು ರೆಸ್ಟೋರೆಂಟ್ ಒಂದರಲ್ಲಿ ಬೆಂಕಿ ಹೊತ್ತಿಕೊಂಡಾಗ ಒಳಗೆ ಮಲಗಿದ್ದ ಐವರು ಕೆಲಸಗಾರರು ಅಸುನೀಗಿದರು. 2019ರ ಫೆಬ್ರವರಿ 12ರಂದು ದೆಹಲಿಯ ಕರೋಲ್ ಬಾಗ್‌ನ ಹೋಟೆಲೊಂದರಲ್ಲಿ 17 ಮಂದಿ ಮೃತಪಟ್ಟರು. ಆ ಹೋಟೆಲಿಗೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವಿತ್ತು. ಕಾಗದವಿದ್ದೂ ಜೀವ ಉಳಿಯಲಿಲ್ಲ ಎಂಬುದು ಗಮನಾರ್ಹ.

ಇಂತಹ ಅವಘಡಗಳು ಮಹಾನಗರಗಳಿಗೆ ಮಾತ್ರ ಸೀಮಿತವೆಂದು ಭಾವಿಸುವುದು ತಪ್ಪಾದೀತು. ಅಗ್ನಿ ಸುರಕ್ಷತೆಯ ಕಟ್ಟುನಿಟ್ಟಾದ ನಿಯಮಗಳು ಮುಖ್ಯವಾಗಿ ಎತ್ತರದ ಕಟ್ಟಡಗಳನ್ನು ಗಮನದಲ್ಲಿರಿಸಿ ರೂಪುಗೊಂಡಿವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಸಣ್ಣ ವಸತಿಗೃಹಗಳನ್ನೂ ಪರಿಗಣಿಸಿದೆಯಾದರೂ, ಸ್ಥಳೀಯ ಉಪವಿಧಿಗಳಲ್ಲಿ ಅಳವಡಿಸಿಕೊಂಡ ಹೊರತು ಅದು ಮಾರ್ಗದರ್ಶಿಯಾಗಿಯೇ ಉಳಿಯುತ್ತದೆ. ಹೀಗಾಗಿ ಪೇಟೆಯ ಎರಡು–ಮೂರು ಅಂತಸ್ತಿನ ಹಳೆಯ ಲಾಡ್ಜು ತಪಾಸಣೆಯಿಂದ ನುಸುಳಿಕೊಳ್ಳುವ ಸಂಭವವೇ ಹೆಚ್ಚು. ಅಲ್ಲಿ ಇರುವುದು ಒಂದೇ ಮೆಟ್ಟಿಲು. ಅದರ ಬುಡದಲ್ಲಿಯೇ ವಿದ್ಯುತ್ ಮೀಟರಿನ ಫಲಕ ಹಾಗೂ ಗ್ಯಾಸ್ ಸಿಲಿಂಡರುಗಳಿದ್ದು, ಕಿಟಕಿಗಳಿಗೆ ಕಬ್ಬಿಣದ ಜಾಲರಿ ಬಿಗಿದಿದ್ದರೆ, ಕೆಳಗೆ ಹೊತ್ತಿದ ಕಿಡಿಯು ಮೇಲಿನವರಿಗೆ ಹೊರದಾರಿಯನ್ನೇ ಮುಚ್ಚುತ್ತದೆ.

ಮಾಲೀಕರ ಅಳಲೂ ನಿರಾಧಾರವಲ್ಲ. ಪುರಸಭೆ, ಆಹಾರ ಸುರಕ್ಷತೆ, ಕಾರ್ಮಿಕ, ಪೊಲೀಸ್ ಎಂದು ಹತ್ತು ಬಾಗಿಲು ಅಲೆಯುವ ಸಣ್ಣ ಉದ್ಯಮಿಗೆ ಇನ್ನೊಂದು ನಿಯಮವೆಂದರೆ ಇನ್ನೊಂದು ಹೊರೆಯೆಂದೇ ತೋರುತ್ತದೆ. ಹೊರೆ ಇಳಿಸುವ ದಾರಿಯೂ ಇಲ್ಲದಿಲ್ಲ. ದೆಹಲಿಯಲ್ಲಿ 2025ರ ಜೂನ್‌ನಲ್ಲಿ ಹೋಟೆಲ್, ಅತಿಥಿಗೃಹ ಸೇರಿದಂತೆ ಏಳು ಬಗೆಯ ಉದ್ಯಮಗಳ ಪರವಾನಗಿ ಅಧಿಕಾರವನ್ನು ಪೊಲೀಸರಿಂದ ಹಿಂಪಡೆಯಲಾಯಿತು. ನಿಯಂತ್ರಣ ಬೇಡವೆಂಬುದು ವರ್ತಕರ ವಾದವಾಗಬಾರದು. ಅದು ಒಂದೇ ಕಡೆ, ಒಂದೇ ಬಾರಿ, ಅರ್ಥಪೂರ್ಣವಾಗಿ ನಡೆಯಲಿ ಎಂಬುದು ವಾದವಾಗಬೇಕು.

ಈ ದಿಶೆಯಲ್ಲಿ ಮೂರೂ ಪುರಸಭೆಗಳು ಪರವಾನಗಿ ನವೀಕರಣದ ವೇಳೆ ಅಗ್ನಿಶಾಮಕ ಇಲಾಖೆ ಹಾಗೂ ಹೆಸ್ಕಾಂ ಸಿಬ್ಬಂದಿಯೊಡನೆ ವರ್ಷಕ್ಕೊಮ್ಮೆ ಜಂಟಿ ತಪಾಸಣೆ ಕೈಗೊಳ್ಳುವುದು ಸೂಕ್ತ. ನೋಡಬೇಕಾದ ಅಂಶಗಳ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ ಮೊದಲೇ ಹಂಚಬೇಕು. ಕೊಠಡಿಗಳ ಸಂಖ್ಯೆಗನುಗುಣವಾಗಿ ಷರತ್ತುಗಳನ್ನು ವಿಂಗಡಿಸಿ, ಕೊರತೆ ಕಂಡಲ್ಲಿ ಲಿಖಿತ ಸೂಚನೆ ನೀಡಿ, ಸರಿಪಡಿಸಿಕೊಳ್ಳಲು ಕಾಲಾವಕಾಶ ಕೊಡಬೇಕು. ಇಕ್ಕಟ್ಟಾದ ಪೇಟೆಯ ಹಳೆಯ ಕಟ್ಟಡಕ್ಕೆ ಎರಡನೆಯ ಮೆಟ್ಟಿಲನ್ನು ರಾತ್ರೋರಾತ್ರಿ ಕಟ್ಟಲಾಗದು. ಆದರೆ ತೆರೆಯಬಲ್ಲ ಕಿಟಕಿ ಜಾಲರಿ ಮತ್ತು ಮಾಳಿಗೆಯಿಂದ ಇಳಿಯುವ ಕಬ್ಬಿಣದ ಏಣಿ ಅಸಾಧ್ಯವೇನಲ್ಲ. ಪಟ್ಟಿ ಬಹಿರಂಗವಾಗಿದ್ದರೆ ಅಧಿಕಾರಿಯ ಮನಸ್ಸಿಗೆ ಬಂದಂತೆ ಆಕ್ಷೇಪ ಎತ್ತುವುದಕ್ಕೂ ಆಸ್ಪದವಿರದು.

ಸರ್ಕಾರದ ಆದೇಶಕ್ಕೆ ಕಾಯದೆ ಮಾಲೀಕರೇ ಮಾಡಬಹುದಾದ ಕಾರ್ಯಗಳೂ ಉಂಟು. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿಯೇ ಶೇಖರಗೊಳ್ಳುತ್ತದೆ. ಆದ್ದರಿಂದ 19 ಕಿಲೋಗ್ರಾಂನ ವಾಣಿಜ್ಯ ಸಿಲಿಂಡರುಗಳನ್ನು ಮೆಟ್ಟಿಲ ಕೆಳಗಾಗಲಿ ತಗ್ಗಿನ ಕೋಣೆಯಲ್ಲಾಗಲಿ ಇಡದೆ, ಹೊರಗೆ ಗಾಳಿಯಾಡುವ ಕಡೆ ಇರಿಸಬೇಕು. ಹಳೆಯ ವಯರಿಂಗ್ ಬದಲಿಸುವುದು, ಅಗ್ನಿಶಾಮಕ ಉಪಕರಣವನ್ನು ಅವಧಿಗೆ ಸರಿಯಾಗಿ ಪರೀಕ್ಷಿಸುವುದು, ಅದನ್ನು ಬಳಸಲು ಕೆಲಸಗಾರರಿಗೆ ಕಲಿಸುವುದು ಅತ್ಯಗತ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ಜನ ಮಲಗಿರುವಾಗ ಹೊರಗಿನಿಂದ ಶಟರಿಗೆ ಬೀಗ ಹಾಕುವ ರೂಢಿ ಎಲ್ಲಿಯೇ ಇರಲಿ, ಅದು ಇಂದೇ ನಿಲ್ಲಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಒಂದು ದುರಂತವು ಜೀವಗಳನ್ನಷ್ಟೇ ಅಲ್ಲದೆ ತಲೆಮಾರುಗಳಿಂದ ಬಂದ ಅಂಗಡಿಯ ಹೆಸರನ್ನೂ ಅಳಿಸಿಬಿಡುತ್ತದೆ. ಅವಘಡ ನಡೆದ ಮೇಲೆ ಬರುವ ನಿಯಮಗಳು ಕಠೋರವಾಗಿದ್ದು, ತಪ್ಪಿತಸ್ಥರಲ್ಲದವರ ಬಾಗಿಲನ್ನೂ ಮುಚ್ಚಿಸುತ್ತವೆ. ವರ್ತಕರೂ ಪುರಸಭೆಗಳೂ ಈಗಲೇ ಒಟ್ಟಿಗೆ ಕುಳಿತು ಸಾಧ್ಯವಾದ ನಿಯಮಗಳನ್ನು ರೂಪಿಸಿಕೊಳ್ಳುವುದೇ ವಿವೇಕ.