ಬೆಂಕಿ ಬಡಿಯೋರು ಯಾವ ಇಲಾಖೆ?

ಹಾಸ್ಟೆಲ್ ಗೆಳೆಯರೇ,

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಅರಣ್ಯ ಇಲಾಖೆ, ಅಗ್ನಿಶಾಮಕ ದಳ, ವಾಯುಸೇನೆ ಒಂದಾದವು. ಹೆಲಿಕಾಪ್ಟರ್ ನೀರು ಸುರಿಯಿತು. ಇದಕ್ಕೆ ‘ಸಮನ್ವಯ’ ಅಂತಾರೆ. ನೆಲದ ಮೇಲೆ ಹಸಿ ಕೊಂಬೆ ಹಿಡಿದು ಬೆಂಕಿ ಬಡಿದ ದಿನಗೂಲಿಯವರು ಯಾವ ಇಲಾಖೆ?

1927ರ ಬ್ರಿಟಿಷ್ ಅರಣ್ಯ ಕಾನೂನಿನ 79ನೇ ಕಲಂ ಓದಿ. ಕಾಡಲ್ಲಿ ದನ ಮೇಯಿಸುವ, ಸೌದೆ ತರುವ ಹಕ್ಕುಳ್ಳವನು ಬೆಂಕಿ ಆರಿಸಲೇಬೇಕು. ತಪ್ಪಿದರೆ ತಿಂಗಳವರೆಗೆ ಜೈಲು, 200 ರೂಪಾಯಿವರೆಗೆ ದಂಡ. ಅಲ್ಲಿ ಕೂಲಿಯ ಮಾತೇ ಇಲ್ಲ. ಇದು ಬಿಟ್ಟಿ ಚಾಕರಿಯಲ್ಲದೆ ಮತ್ತೇನು?

2001ರ ತನಕ ಕೆ.ಜಿ.ಎಫ್. ಗಣಿಗಿಳಿದ ನಮ್ಮವರಿಗೆ ಇದು ಗೊತ್ತು: ಅಪಾಯ ಕೆಳಗೆ, ಆಜ್ಞೆ ಮೇಲೆ.

ಬಂಗಾರಪೇಟೆಯ ಕಾಮಸಮುದ್ರದ ಕಾಡಿಗೂ ಬೇಸಿಗೆ ಬರುತ್ತೆ. ಬೆಂಕಿ ಆರಿಸೋಕೆ ಬರ್ತೀವಿ, ಬಿಟ್ಟಿಗಲ್ಲ. ಕೂಲಿ, ಬೂಟು, ವಿಮೆ ಕೊಡಿ. ಸಮನ್ವಯ ಸಭೆಯಲ್ಲಿ ನಮಗೂ ಕುರ್ಚಿ ಹಾಕಿ.