ಸಪ್ಪೆ ಸ್ಪೀಕರಿನ ಪರವಾಗಿ

"ಸ್ಟುಡಿಯೋ ಮಾನಿಟರಾ? ಅದು ಕೆಲಸಕ್ಕೆ ಕಣಪ್ಪ, ಹಾಡು ಕೇಳೋಕಲ್ಲ. ಸಪ್ಪೆ ಇರುತ್ತೆ." ವೈಟ್‌ಫೀಲ್ಡಿನ ಆಫೀಸ್ ಕ್ಯಾಂಟೀನಿನಲ್ಲಿ ಸ್ಪೀಕರಿನ ಮಾತು ಎತ್ತಿದರೆ ಈ ಡೈಲಾಗು ಗ್ಯಾರಂಟಿ. ಹೇಳುವವನ ಮನೆಯಲ್ಲಿ ಟಿವಿ ಕೆಳಗೊಂದು ಸೌಂಡ್‌ಬಾರು, ಸೋಫಾ ಪಕ್ಕ ಒಂದು ಸಬ್‌ವೂಫರು, ಕೆಳಮನೆಯವರು ಅಸೋಸಿಯೇಷನ್ನಿಗೆ ಕೊಟ್ಟ ಎರಡು ದೂರು ಇರುತ್ತವೆ.

ನಾನು ಈ ಮಾತು ಒಪ್ಪಲ್ಲ. ಬೇಸ್ ಎಷ್ಟಿರಬೇಕು, ಗಾಯಕರ ದನಿ ಎಷ್ಟು ಮುಂದೆ ಬರಬೇಕು ಅನ್ನೋದನ್ನ ಸ್ಟುಡಿಯೋದಲ್ಲಿ ಕೂತವರು ಆಗಲೇ ತೀರ್ಮಾನಿಸಿರುತ್ತಾರೆ. ಉಪ್ಪು ಹಾಕಿ ಇಳಿಸಿದ ಸಾರಿಗೆ ಬಡಿಸುವಾಗ ಇನ್ನೊಂದು ಹಿಡಿ ಉಪ್ಪು ಸುರಿಯೋದೇ ಪಾರ್ಟಿ ಸ್ಪೀಕರಿನ ಕೆಲಸ. ಶಂಕರ್‌ನಾಗ್ ನಿರ್ದೇಶನದ 'ಗೀತಾ' (1981) ಹಾಡುಗಳನ್ನೇ ತಗೊಳ್ಳಿ. ಇಳಯರಾಜಾ ಅವರ ಬೇಸ್ ಗಿಟಾರು ಹಾಡಿನ ಕೆಳಗೆ ತನ್ನದೇ ಒಂದು ರಾಗ ಹಿಡಿದು ನಡೆಯುತ್ತೆ. ಒಳ್ಳೆ ಮಾನಿಟರಿನಲ್ಲಿ ಆ ಒಂದೊಂದು ಸ್ವರವನ್ನೂ ಗುನುಗಬಹುದು. ಅಗ್ಗದ ಸಬ್‌ವೂಫರಿನಲ್ಲಿ ಎಲ್ಲಾ ಸೇರಿ ಧುಮ್ ಧುಮ್. ಸಿ. ಅಶ್ವತ್ಥ್ ಹಾಡಿದ ಭಾವಗೀತೆ ಹಾಕಿದರೆ ಡಗ್ಗಾ ಎದ್ದು ಅವರ ದನಿಯನ್ನೇ ನುಂಗುತ್ತೆ. ನಮ್ಮೂರ ಜಾತ್ರೆಯ ಹಾರ್ನ್ ಸ್ಪೀಕರಿನಲ್ಲಿ ಬೇಸ್ ಅನ್ನೋದೇ ಇರಲಿಲ್ಲ, ಆದರೂ ಪಕ್ಕದೂರಿನ ಗದ್ದೆಯಲ್ಲಿದ್ದವರಿಗೂ ಸಾಹಿತ್ಯ ಕೇಳಿಸ್ತಿತ್ತು!

ಹಾಗಂತ ಡಬ್ಬದ ಮೇಲೆ 'ಸ್ಟುಡಿಯೋ' ಅಂತ ಬರೆದಿದ್ದೆಲ್ಲ ಸತ್ಯಹರಿಶ್ಚಂದ್ರ ಅಲ್ಲ. ಯಮಾಹಾ ಎನ್‌ಎಸ್-10 ಗೊತ್ತಲ್ಲ, ಬಿಳಿ ಕೋನಿನದು? 1978ರಲ್ಲಿ ಅದು ಬಂದದ್ದು ಮನೆ ಸ್ಪೀಕರಾಗಿ. ಮನೆಯವರಿಗೆ ಹಿಡಿಸಲಿಲ್ಲ, ಸ್ಟುಡಿಯೋದವರು ಎತ್ತಿಕೊಂಡರು. ಅದೇನು ಫ್ಲ್ಯಾಟ್ ಆಗಿರಲಿಲ್ಲ. ಮಧ್ಯದ ದನಿ ಕಿವಿಗೆ ಚುಚ್ಚುವಷ್ಟು ಮುಂದಿತ್ತು, ಮಿಕ್ಸಿನ ಹುಳುಕು ಬೇಗ ಕಾಣ್ತಿತ್ತು. ಆದ್ದರಿಂದ ಹೆಸರು ನೋಡಬೇಡಿ, ಫ್ರೀಕ್ವೆನ್ಸಿ ಗ್ರಾಫ್ ನೋಡಿ. ವ್ಯಾಟ್ ಅಂತೂ ಕೇಳಲೇಬೇಡಿ.

ಮಾನಿಟರ್ ಭಕ್ತರ ಮೇಲೂ ನನಗೆ ಸಿಟ್ಟಿದೆ. ಎಲೆಕ್ಟ್ರಾನಿಕ್ ಸಿಟಿಯ ಬಾಡಿಗೆ ಮನೆಯ 10x11 ಅಡಿ ರೂಮಿಗೆ 8 ಇಂಚಿನ ಜೋಡಿ ತಂದು, ಪುಸ್ತಕದ ಶೆಲ್ಫಿನೊಳಗೆ ತುರುಕಿ, "ಏನ್ ಬೇಸ್ ಗುರೂ" ಅಂತಾರೆ. ಅದು ಸ್ಪೀಕರಿನ ಬೇಸ್ ಅಲ್ಲ, ಗೋಡೆಯದು. 10 ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಅಲೆ ನಿಂತುಬಿಡುತ್ತೆ. ಗೋಡೆ ಹತ್ತಿರ ಅದು ಗುಂಯ್‌ಗುಡುತ್ತೆ, ರೂಮಿನ ನಡುವೆ ಮಾಯವಾಗುತ್ತೆ. ಇದು ಪಿಯುಸಿ ಫಿಸಿಕ್ಸು. ಬಿಇ ಮಾಡಿದ ಜನವೇ ಇದನ್ನ ಮರೆತು ಇಎಂಐ ಕಟ್ತಿದ್ದಾರೆ.

ಬಾಡಿಗೆ ಗೋಡೆಗೆ ಫೋಮ್ ಅಂಟಿಸೋಕೆ ಓನರ್ ಬಿಡಲ್ಲ. ನಮ್ಮ ಕೈಲಿರೋದು ಹತ್ತಿರ ಕೂರೋದು. ಹತ್ತಿರ ಕೂತಷ್ಟೂ ಗೋಡೆಯ ಮಾತು ಕಮ್ಮಿ, ಸ್ಪೀಕರಿನ ಮಾತು ಜಾಸ್ತಿ. 5 ಇಂಚಿನ ಜೋಡಿ ಸಾಕು, ಆಂಪ್ಲಿಫೈಯರು ಅದರೊಳಗೇ ಇರುತ್ತೆ. ಎರಡರ ನಡುವೆ ಒಂದು ಮೀಟರ್, ನಿಮ್ಮ ತಲೆಗೂ ಅಷ್ಟೇ ದೂರ. ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ಗಾಳಿ ತೂತು ಹಿಂದಿದ್ದರೆ ಗೋಡೆಯಿಂದ ಮುಂದಕ್ಕೆ ಎಳೆಯಿರಿ. ಹೀಗಿಟ್ಟರೆ ಸಣ್ಣ ವಾಲ್ಯೂಮಿಗೇ ಹಾಡು ತುಂಬಿಕೊಳ್ಳುತ್ತೆ, ಅಸೋಸಿಯೇಷನ್ ವಾಟ್ಸಾಪ್ ಗ್ರೂಪಲ್ಲಿ ನಿಮ್ಮ ಫ್ಲ್ಯಾಟ್ ನಂಬರ್ ಬರಲ್ಲ. ತೊಂದರೆಯೂ ಇದೆ: ಆ ಜಾಗ ಒಬ್ಬರಿಗೇ. ಮನೆಗೆ ನೆಂಟರು ಬಂದು ಕುಣಿಯೋದಿದ್ದರೆ ಇದು ಬೇಡ. ರಾತ್ರಿ ಎಲ್ಲಾ ನಿಶ್ಶಬ್ದವಾದಾಗ ಕೆಲವು ಮಾಡೆಲುಗಳಲ್ಲಿ ಸಣ್ಣಗೆ ಸ್ಸ್ ಅನ್ನೋದೂ ಕೇಳುತ್ತೆ.

ಎಸ್.ಪಿ. ರೋಡಿಗೋ ಮಾಲಿಗೋ ಹೋದಾಗ ಅಂಗಡಿಯವರ ಡೆಮೋ ಹಾಡು ಕೇಳಬೇಡಿ. ನಿಮಗೆ ಬಾಯಿಪಾಠ ಆಗಿರೋ ಮೂರು ಹಾಡು ಫೋನಲ್ಲಿ ಒಯ್ಯಿರಿ. ಎರಡು ಸ್ಪೀಕರ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಸಿ. ಸ್ವಲ್ಪ ಜೋರಿದ್ದದ್ದೇ ನಮ್ಮ ಕಿವಿಗೆ ಚೆನ್ನಾಗಿ ಕೇಳುತ್ತೆ, ಸೇಲ್ಸ್‌ನವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ವಾಲ್ಯೂಮ್ ಮುಟ್ಟೋಕೆ ಬಿಡಲ್ಲ ಅಂದರೆ ಎದ್ದು ಪಕ್ಕದಂಗಡಿಗೆ ಹೋಗಿ.